ಜಗಲಿಯ ಮೇಲೆ ಕೂತವರನ್ನು ಕೇಳಿದವರು ಯಾರು?

(ತಾಲ್ಲೂಕು ಮಟ್ಟದ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆ ಮತ್ತು ಸಾಲದ ಬಗ್ಗೆ ಮಾತಾಡಲು ಸೇರಿರುವ ಸಭೆಯಲ್ಲಿ ಇವನು ವಯಸ್ಸಾದವರ ವಿಚಾರ ಯಾಕೆ ಎತ್ತುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಇದು ಬೇರೆ ವಿಚಾರವಲ್ಲ. ಮನೆಗೆ ಹೋದ ಮೇಲೆ ನಿಮ್ಮ ಪಹಣಿ ತೆಗೆದು ನೋಡಿ. ಜಮೀನು ಯಾರ ಹೆಸರಿನಲ್ಲಿದೆ? ಬಹಳ ಮನೆಗಳಲ್ಲಿ ಇನ್ನೂ ಅಪ್ಪನ ಹೆಸರಿನಲ್ಲಿದೆ. ಕೆಲವು ಮನೆಗಳಲ್ಲಿ ತೀರಿಹೋದ ತಾತನ ಹೆಸರಿನಲ್ಲೇ ಇದೆ. ಸೊಸೈಟಿ ಸಾಲ ಯಾರ ಹೆಸರಿನಲ್ಲಿದೆ? ಅದೇ ಅಪ್ಪನ ಹೆಸರಿನಲ್ಲಿ. ಉಳುವವನು ಮಗ, ಮಾರುವವನು ಮಗ, ದುಡ್ಡು ಎಣಿಸಿಕೊಳ್ಳುವವನೂ ಮಗ. ನೋಟೀಸು ಬರುವುದು ಮಾತ್ರ ಜಗಲಿಯ ಮೇಲೆ ಕೂತಿರುವ ಎಪ್ಪತ್ತೈದು ವರ್ಷದ ಅಪ್ಪನಿಗೆ. ಸಾಲದ ಮಾತಾಡುವವರು ಸಾಲಗಾರನನ್ನೇ ಮರೆತರೆ ಅದು ಎಂಥ ಮಾತು?

1980ರಲ್ಲಿ ನರಗುಂದ, ನವಲಗುಂದದ ಕಡೆ ರೈತರು ಬೀದಿಗಿಳಿದಾಗ ಇಪ್ಪತ್ತೈದು ವರ್ಷದವರಾಗಿದ್ದವರು ಈಗ ಎಪ್ಪತ್ತು ಮುಟ್ಟಿದ್ದಾರೆ. ಅವರ ಧ್ವನಿ ಅಂದು ವಿಧಾನಸೌಧದವರೆಗೆ ಕೇಳಿಸಿತು. ಇಂದು ಅವರ ಧ್ವನಿ ಸ್ವಂತ ಊರಿನ ಗ್ರಾಮಸಭೆಯಲ್ಲಿ ಕೇಳಿಸುತ್ತಿಲ್ಲ. ಇದು ಯೋಚಿಸಬೇಕಾದ ವಿಷಯ ಅಲ್ಲವೆ?

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು. ಊರಿಗೆ ಏನು ಬೇಕು ಎಂಬುದನ್ನು ಊರಿನವರೇ ಕೂತು ಹೇಳಬೇಕು, ಮೊದಲು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ಎಂದು ಕಾಯ್ದೆ ಹೇಳುತ್ತದೆ. 2015ರಿಂದೀಚೆಗೆ ಪ್ರತಿ ಗ್ರಾಮ ಪಂಚಾಯ್ತಿಯೂ ವರ್ಷಕ್ಕೊಮ್ಮೆ ಅಭಿವೃದ್ಧಿ ಯೋಜನೆ ಬರೆಯಬೇಕು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ಸಭೆಗೆ ಬರುವವರು ಯಾರು? ನಡೆಯಲು ಕಾಲಿದ್ದವರು, ಕೇಳಲು ಕಿವಿಯಿದ್ದವರು, ಎದ್ದು ನಿಂತು ಮಾತಾಡಲು ಎದೆಯಿದ್ದವರು. ಸಭೆ ಹನ್ನೊಂದು ಗಂಟೆಗೆ ಅಂತಾರೆ, ಒಂದೂವರೆಗೆ ಶುರುವಾಗುತ್ತೆ. ಮಂಡಿ ನೋವಿನ ಅಜ್ಜಿ ಎರಡು ಮೈಲಿ ನಡೆದು ಬಂದು ಬಿಸಿಲಲ್ಲಿ ಎರಡೂವರೆ ಗಂಟೆ ಕಾಯುತ್ತಾಳೆಯೆ? ಬಂದರೂ ಹಿಂದೆ ಕೂರುತ್ತಾಳೆ. ಮೈಕಿನಲ್ಲಿ ಏನು ಹೇಳಿದರೋ ಗೊತ್ತಾಗುವುದಿಲ್ಲ. ಕೊನೆಗೆ ಪುಸ್ತಕದಲ್ಲಿ ಬರೆಯುವುದು ಏನು? ಸಿಮೆಂಟು ರಸ್ತೆ, ಚರಂಡಿ, ದೀಪದ ಕಂಬ. ಇವು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟೇ ಊರಿನ ಬೇಡಿಕೆಯೆ?

ಲೆಕ್ಕ ಹಾಕಿ ನೋಡಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಹಳ್ಳಿಯವರು. ಕರ್ನಾಟಕದಲ್ಲಿ ಅಂದೇ ನೂರಕ್ಕೆ ಸುಮಾರು ಒಂಬತ್ತೂವರೆ ಜನ ಅರವತ್ತು ದಾಟಿದ್ದರು. ಅಂದರೆ ಸಾವಿರದೈನೂರು ಜನರ ಊರಿನಲ್ಲಿ ನೂರನಲವತ್ತು ಮಂದಿ. ಇದು ಹಳೆಯ ಲೆಕ್ಕ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಆಮೇಲೆ ಊರಿನ ಹುಡುಗರು ಎಷ್ಟು ಜನ ಬೆಂಗಳೂರು ಸೇರಿದರು ಎಂಬುದು ನಿಮಗೇ ಗೊತ್ತು. ಉಳಿದವರಲ್ಲಿ ವಯಸ್ಸಾದವರ ಪಾಲು ಏರಿದೆಯೇ ಹೊರತು ಇಳಿದಿಲ್ಲ. ಊರಿನ ಬೇಡಿಕೆ ಬರೆಯುವಾಗ ಈ ನೂರನಲವತ್ತು ಮಂದಿಯಲ್ಲಿ ಹತ್ತು ಮಂದಿಯನ್ನಾದರೂ ಕೇಳಿದ್ದೇವೆಯೆ?

ಈ ಕುರುಡುತನ ನಮ್ಮೊಬ್ಬರದೇ ಅಲ್ಲ. ರಾಬರ್ಟ್ ಚೇಂಬರ್ಸ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1983ರಲ್ಲಿ ಹಳ್ಳಿಗಳ ಅಭಿವೃದ್ಧಿಯ ಬಗ್ಗೆ ಒಂದು ಪುಸ್ತಕ ಬರೆದರು. ಹಳ್ಳಿ ನೋಡಲು ಬರುವ ಅಧಿಕಾರಿ, ತಜ್ಞ ಎಲ್ಲರೂ ಡಾಂಬರು ರಸ್ತೆಯ ಪಕ್ಕದ ಮನೆಗಳನ್ನು ಮಾತ್ರ ನೋಡುತ್ತಾರೆ, ಮಳೆ ಕೆಸರು ಇಲ್ಲದ ಕಾಲದಲ್ಲಿ ಬರುತ್ತಾರೆ, ಮುಖಂಡರ ಜೊತೆ, ಗಂಡಸರ ಜೊತೆ, ಓಡಾಡುವವರ ಜೊತೆ ಮಾತಾಡಿ ಹೋಗುತ್ತಾರೆ ಎಂದು ಅದರಲ್ಲಿ ತೋರಿಸಿದರು. ಹೊರಗೆ ಬರಲಾಗದವರು, ಕಾಯಿಲೆ ಬಿದ್ದವರು, ಒಂಟಿ ಹೆಂಗಸರು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಆಮೇಲೆ ನಮ್ಮ ಕರ್ನಾಟಕದಲ್ಲೇ ಮೈರಾಡ ಸಂಸ್ಥೆಯವರು 1989ರ ಹೊತ್ತಿಗೆ ಹಳ್ಳಿಯವರಿಂದಲೇ ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲುಗಳಿಂದ ಊರಿನ ನಕ್ಷೆ ಬರೆಸಿ ಬೇಡಿಕೆ ಗುರುತಿಸುವ ಕ್ರಮವನ್ನು ಬೆಳೆಸಿದರು. ಒಳ್ಳೆಯ ಕ್ರಮ. ಆದರೆ ನಕ್ಷೆ ಬರೆಯಲು ಬೀದಿಗೆ ಬರಬೇಕಲ್ಲ? ಮಂಚ ಹಿಡಿದವನು ಆ ನಕ್ಷೆಯ ಮೇಲೂ ಒಂದು ಕಾಳಾಗುವುದಿಲ್ಲ.

ಹಾಗಾದರೆ ನಮ್ಮ ಊರುಗಳಲ್ಲಿ ಲೆಕ್ಕಕ್ಕೆ ಸಿಗದೆ ಉಳಿಯುವವರು ಯಾರು? ನೀವೇ ನಿಮ್ಮ ಬೀದಿಯನ್ನು ಮನಸ್ಸಿನಲ್ಲಿ ಒಂದು ಸುತ್ತು ಹಾಕಿ ಬನ್ನಿ.

ಮೊದಲನೆಯವರು, ಮಕ್ಕಳು ಪಟ್ಟಣ ಸೇರಿ ಗಂಡ ಹೆಂಡತಿ ಇಬ್ಬರೇ ಉಳಿದವರು. ಮನೆ ದೊಡ್ಡದು, ಜಮೀನು ಐದೆಕರೆ. ನೋಡಿದವರು ಅನುಕೂಲಸ್ಥರು ಅಂದುಕೊಳ್ಳುತ್ತಾರೆ. ರಾತ್ರಿ ಎದೆನೋವು ಬಂದರೆ ಕರೆಯಲು ಜನವಿಲ್ಲ.

ಎರಡನೆಯವರು, ಸರದಿಯ ಮೇಲೆ ಇರುವವರು. ಮೂವರು ಗಂಡುಮಕ್ಕಳು ಭಾಗವಾದಾಗ ಎತ್ತು, ಬಾವಿ, ಹಿತ್ತಲು ಹಂಚಿಕೊಂಡ ಹಾಗೆ ತಾಯಿಯನ್ನೂ ಹಂಚಿಕೊಂಡಿರುತ್ತಾರೆ. ಈ ತಿಂಗಳು ಇಲ್ಲಿ, ಮುಂದಿನ ತಿಂಗಳು ಅಲ್ಲಿ. ಲೆಕ್ಕ ಬರೆಯಲು ಹೋದರೆ ಇವನು ‘ಅಣ್ಣನ ಮನೆಯಲ್ಲಿ ಬರೆಸಿದೆ’ ಅಂತಾನೆ, ಅಣ್ಣ ‘ತಮ್ಮನ ಮನೆಯಲ್ಲಿದೆ’ ಅಂತಾನೆ. ಎಲ್ಲಿಯೂ ಇರುವುದಿಲ್ಲ.

ಮೂರನೆಯವರು ಒಳಕೋಣೆಯ ವಿಧವೆಯರು. ಗಂಡ ಹೋದ ದಿನದಿಂದ ಅವರ ಮಾತೂ ನಿಂತಿರುತ್ತದೆ.

ನಾಲ್ಕನೆಯವರು ಕಣ್ಣು ಮಂಜಾದವರು, ಕಿವಿ ಕೇಳದವರು, ಎದ್ದು ಓಡಾಡಲಾಗದವರು.

ಐದನೆಯವರ ವಿಷಯ ಹೇಳಿದರೆ ಕೆಲವರಿಗೆ ಮುಜುಗರವಾಗಬಹುದು, ಆದರೂ ಹೇಳಲೇಬೇಕು. ನಮ್ಮ ಹೊಲದಲ್ಲಿ ನಲವತ್ತು ವರ್ಷ ಕಳೆ ಕಿತ್ತು, ನಮ್ಮ ರಾಗಿ ಕೊಯ್ದು, ಈಗ ಬಗ್ಗಲಾಗದೆ ಕೇರಿಯ ಗುಡಿಸಲಲ್ಲಿ ಕೂತವರು. ಅವರಿಗೆ ಪಹಣಿಯೂ ಇಲ್ಲ, ಫಸಲೂ ಇಲ್ಲ. ನಮಗೆ ಬೆಲೆ ಸಿಗದಿದ್ದರೆ ಅವರಿಗೆ ಕೂಲಿ ಸಿಗಲಿಲ್ಲ. ಊರಿನ ಬೇಡಿಕೆ ಎಂದು ಬರೆಯುವಾಗ ಅವರನ್ನು ಬಿಟ್ಟರೆ ಅದು ಊರಿನ ಬೇಡಿಕೆಯಲ್ಲ, ಒಂದು ಬೀದಿಯ ಬೇಡಿಕೆ.

ಸಭೆಗೆ ಬನ್ನಿ ಎಂದು ತಮಟೆ ಹೊಡೆಸಿದರೆ ಇವರು ಬರುವುದಿಲ್ಲ. ಇವರಿದ್ದಲ್ಲಿಗೆ ನಾವೇ ಹೋಗಬೇಕು. ಇದು ಆಗದ ಕೆಲಸವೆ? 2023ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಕೊಟ್ಟರು. ಅಧಿಕಾರಿಗಳೇ ಮತಪತ್ರ ಹಿಡಿದುಕೊಂಡು ಮನೆಬಾಗಿಲಿಗೆ ಬಂದರು. 2024ರ ಲೋಕಸಭೆ ಚುನಾವಣೆಯಲ್ಲಿ ಎಂಬತ್ತೈದು ದಾಟಿದವರಿಗೆ ಹಾಗೆಯೇ ಮಾಡಿದರು. ಒಳ್ಳೆಯದೇ ಆಯಿತು. ಆದರೆ ನಾನು ಕೇಳುವುದು ಇಷ್ಟು: ಮತ ತೆಗೆದುಕೊಂಡು ಹೋಗಲು ಮನೆಬಾಗಿಲಿಗೆ ಬರಬಹುದಾದರೆ, ಕಷ್ಟ ಕೇಳಿಕೊಂಡು ಹೋಗಲು ಯಾಕೆ ಬರಬಾರದು?

ಸರ್ಕಾರ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಕೇರಳದಲ್ಲಿ ಏನು ಮಾಡಿದರು ಕೇಳಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು, ಗೆಳೆಯರು ಸೇರಿ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಕೆಲಸ ಶುರು ಮಾಡಿದರು. ಆಸ್ಪತ್ರೆಗೆ ಬರುವವರಿಗಿಂತ ಬರಲಾಗದವರೇ ಹೆಚ್ಚು ಎಂದು ತಿಳಿಯಿತು. ಆಮೇಲೆ ಮಲಪ್ಪುರಂ ಜಿಲ್ಲೆಯ ಕಡೆ ಊರಿನ ಜನರನ್ನೇ ಕಟ್ಟಿಕೊಂಡರು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಮೇಷ್ಟ್ರು, ಅಂಗಡಿಯವರು, ಗೃಹಿಣಿಯರು ತಮ್ಮ ತಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರು ಯಾರು ಎಂದು ಗುರುತಿಸಿ ನೋಡಿಕೊಂಡರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ತನ್ನ ನೀತಿಯಾಗಿ ಒಪ್ಪಿತು, ಪಂಚಾಯ್ತಿಗಳೂ ಕೈಜೋಡಿಸಿದವು. ಮೊದಲು ಜನ ಮಾಡಿದರು, ಹಿಂದೆ ಸರ್ಕಾರ ಬಂತು. ನಮ್ಮಲ್ಲೂ ಅದೇ ಕ್ರಮ ಆಗಬೇಕು.

ಹೇಗೆ ಮಾಡುವುದು? ವಾರ್ಡ್ ಸಭೆಗೆ ಹದಿನೈದು ದಿನ ಮೊದಲು ಊರಿನಲ್ಲಿ ಹತ್ತು ಜನ ಸೇರಿ. ಅರ್ಧದಷ್ಟು ಹೆಂಗಸರಿರಲಿ, ಕೇರಿಯವರು ಇಬ್ಬರಾದರೂ ಇರಲಿ. ಒಬ್ಬೊಬ್ಬರು ಹದಿನೈದು ಜನರನ್ನು ನೋಡಿದರೆ ನೂರೈವತ್ತು ಆಯಿತು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರನ್ನು ಮೊದಲು ಕೇಳಿ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ನ್ಯಾಯಬೆಲೆ ಅಂಗಡಿಯ ಪಟ್ಟಿಯನ್ನೇ ನಂಬಿ ಹೋಗಬೇಡಿ. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕುವುದೇ ನಮ್ಮ ಕೆಲಸ.

ಹೋಗುವ ಹೊತ್ತು ನೋಡಿಕೊಳ್ಳಿ. ಮನೆಯವರೆಲ್ಲ ಹೊಲಕ್ಕೆ ಹೋದ ಮೇಲೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಹೋಗಿ. ಮಗನ ಎದುರಿಗೆ ತಾಯಿ ‘ನನಗೇನೂ ಕಮ್ಮಿಯಿಲ್ಲ ಕಣಪ್ಪಾ’ ಅಂತಲೇ ಹೇಳುವುದು. ಮನೆಯ ಮರ್ಯಾದೆ ಅವಳಿಗೆ ಅನ್ನಕ್ಕಿಂತ ದೊಡ್ಡದು. ಅಜ್ಜಿಯನ್ನು ಕೇಳಲು ಹೆಂಗಸರೇ ಹೋಗಲಿ. ನಿಂತು ಕೇಳಬೇಡಿ, ಪಕ್ಕದಲ್ಲಿ ಕೂತು ನಿಧಾನವಾಗಿ, ಮುಖ ಕಾಣುವ ಹಾಗೆ ಮಾತಾಡಿ. ಕಿವಿ ಕೇಳದವರು ಬಾಯಿ ನೋಡಿ ಅರ್ಧ ತಿಳಿದುಕೊಳ್ಳುತ್ತಾರೆ. ಮೊದಲೇ ಕಾಗದ ಪೆನ್ನು ತೆಗೆಯಬೇಡಿ. ಕಾಗದ ಕಂಡರೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರೇನೋ ಎಂಬ ಭಯ ಅವರಿಗಿದೆ. ಆ ಭಯಕ್ಕೆ ಕಾರಣವೂ ಇದೆ.

‘ನಿಮಗೇನು ಬೇಕು?’ ಅಂತ ಕೇಳಿದರೆ ‘ಏನೂ ಬೇಡಪ್ಪಾ, ಶಿವ ಬೇಗ ಕರಕೊಂಡ್ರೆ ಸಾಕು’ ಅಂತಾರೆ. ಅದನ್ನು ಉತ್ತರ ಎಂದು ಬರೆದುಕೊಂಡು ಬಂದರೆ ಹೋದದ್ದು ದಂಡ. ಹಿಡಿದು ಕೇಳುವಂಥ ಪ್ರಶ್ನೆ ಕೇಳಬೇಕು. ನಿನ್ನೆ ಬೆಳಗಿನಿಂದ ಏನು ಉಂಡಿರಿ? ಕೊನೆಯ ಸಲ ಆಸ್ಪತ್ರೆಗೆ ಹೋದದ್ದು ಯಾವಾಗ, ಕರೆದುಕೊಂಡು ಹೋದವರು ಯಾರು? ರಾತ್ರಿ ಬಹಿರ್ದೆಸೆಗೆ ಎಲ್ಲಿಗೆ ಹೋಗುತ್ತೀರಿ? ಪಿಂಚಣಿ ಬರುತ್ತಿದೆಯೆ, ನಿಂತಿದ್ದರೆ ಯಾವ ತಿಂಗಳಿಂದ? ಆ ದುಡ್ಡು ಯಾರ ಕೈಗೆ ಬರುತ್ತದೆ? ನಿಮ್ಮ ಹೆಸರಿನಲ್ಲಿ ಸಾಲವಿದೆಯೆ, ಮಕ್ಕಳಿಗೆ ಗೊತ್ತಿಲ್ಲದ ಕೈಸಾಲ ಇದೆಯೆ? ಎರಡು ವರ್ಷದಲ್ಲಿ ಯಾವುದಕ್ಕಾದರೂ ಹೆಬ್ಬೆಟ್ಟು ಹಾಕಿದಿರಾ?

ವಯಸ್ಸು ಕೇಳಿದರೆ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಬರೆಸಿರುತ್ತಾರೆ, ವರ್ಷ ಅಂದಾಜಿನದು. ಒಂದೆರಡು ವರ್ಷ ತಪ್ಪಿದರೂ ಪಿಂಚಣಿ ತಪ್ಪುತ್ತದೆ. ಹೀಗೆ ಕೇಳಿ: ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಾಗ ನಿಮಗೆ ಮಕ್ಕಳಾಗಿದ್ದವಾ? ಅದು 1973. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ವಯಸ್ಸು ಹೆಚ್ಚು ಕಡಿಮೆ ಸಿಗುತ್ತದೆ. ದಾಖಲೆಯ ತಪ್ಪು ತಿದ್ದಿಸಲು ಅಲ್ಲಿಂದ ಶುರು ಮಾಡಬಹುದು.

ಹೀಗೆ ಕೇಳಿದರೆ ಹೊರಬರುವ ವಿಷಯಗಳು ಯಾವುವು, ಅವಕ್ಕೆ ದಾರಿ ಏನು ಎಂಬುದು ನಿಮಗೆ ತಿಳಿದಿರಬೇಕು.

ಪಿಂಚಣಿಯ ವಿಷಯ. ಸಂಧ್ಯಾ ಸುರಕ್ಷಾ ಯೋಜನೆ 2007ರದು. ಅರವತ್ತೈದು ದಾಟಿದ ಸಣ್ಣ ರೈತ, ಅತಿ ಸಣ್ಣ ರೈತ, ಕೃಷಿ ಕೂಲಿಕಾರ, ನೇಕಾರ, ಮೀನುಗಾರರಿಗೆ ಅದು ಅನ್ವಯಿಸುತ್ತದೆ. ಆದಾಯದ ಮಿತಿ ಇದೆ. ಭೂಮಿ ಇದ್ದವರಿಗೆ ಇಲ್ಲವೇ ಇಲ್ಲ ಎಂದು ಹೇಳಿ ಸಣ್ಣ ರೈತರನ್ನು ವಾಪಸು ಕಳಿಸಿದರೆ ಸುಮ್ಮನೆ ಬರಬೇಡಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, 2011ರ ಸಕಾಲ ಕಾಯ್ದೆಯ ಪ್ರಕಾರ ಕೊಡುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬೆರಳು ಸವೆದು ಯಂತ್ರದ ಮೇಲೆ ಗುರುತು ಹತ್ತದವರ ಹೆಸರು ಬೇರೆ ಬರೆಯಿರಿ. ಮಣ್ಣು ಮುಟ್ಟಿ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ತಪ್ಪು ಬೆರಳಿನದೆ? ಕಿಸಾನ್ ಸಮ್ಮಾನ್ ಹಣಕ್ಕೆ 2023ರಲ್ಲಿ ಮುಖ ತೋರಿಸಿ ಗುರುತು ಕೊಡುವ ಅವಕಾಶ ಮಾಡಿದರು. ಇಂಥ ಬದಲಿ ದಾರಿ ಎಲ್ಲ ಕಡೆಯೂ ಬೇಕು.

ರೈತನಿಗೆ ಮೂರು ಸಾವಿರ ಪಿಂಚಣಿ ಎಂದು 2019ರಲ್ಲಿ ಕಿಸಾನ್ ಮಾನ್‌ಧನ್ ಯೋಜನೆ ತಂದರು. ಕೇಳಲು ಚೆನ್ನಾಗಿದೆ. ಆದರೆ ಸೇರಲು ವಯಸ್ಸು ಹದಿನೆಂಟರಿಂದ ನಲವತ್ತು. ತಿಂಗಳು ತಿಂಗಳು ಕಂತು ಕಟ್ಟಿ, ಅರವತ್ತಾದ ಮೇಲೆ ಪಡೆಯಬೇಕು. ಅಂದು ನಲವತ್ತು ದಾಟಿದ್ದ ರೈತನಿಗೆ, ಇಂದು ಜಗಲಿ ಮೇಲೆ ಕೂತವನಿಗೆ ಅದರಲ್ಲಿ ಒಂದು ಕಾಸೂ ಇಲ್ಲ.

ಜಮೀನಿನ ವಿಷಯ. ಯಜಮಾನ ತೀರಿದ ಮೇಲೆ ಪೌತಿ ಖಾತೆ ಮಾಡಿಸದೆ ಬಿಟ್ಟ ಮನೆಗಳನ್ನು ಪಟ್ಟಿ ಮಾಡಿ. ಖಾತೆ ಇಲ್ಲದಿದ್ದರೆ ಬೆಳೆಸಾಲವೂ ಕಷ್ಟ, ಪರಿಹಾರವೂ ಕಷ್ಟ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗ ಉಯಿಲು ಬರೆಯದೆ ತೀರಿದರೆ, ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿ ಮಕ್ಕಳ ಜೊತೆಗೆ ಹೆತ್ತ ತಾಯಿಗೂ ಸಮಪಾಲಿದೆ. ಸೊಸೆಯ ಮೇಲೆ ಎತ್ತಿಕಟ್ಟಲು ಇದನ್ನು ಹೇಳುತ್ತಿಲ್ಲ. ಇಬ್ಬರು ಹೆಂಗಸರನ್ನೂ ಬಿಟ್ಟು ಮೈದುನಂದಿರು ಖಾತೆ ಮಾಡಿಸಿಕೊಳ್ಳುವುದನ್ನು ತಡೆಯಲು ಹೇಳುತ್ತಿದ್ದೇನೆ.

ಸಾಲದ ವಿಷಯ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣದಿಂದ ಮಗನ ಮೇಲೆ ದಾವೆ ಹಾಕುವ ಹಕ್ಕನ್ನು 2005ರ ತಿದ್ದುಪಡಿ ತೆಗೆದುಹಾಕಿದೆ. ಮಗ ತಾನೇ ಜಾಮೀನು ಹಾಕಿರದಿದ್ದರೆ, ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ‘ನಾನು ಸತ್ತರೆ ನನ್ನ ಸಾಲ ಮಗನ ಕುತ್ತಿಗೆಗೆ ಬೀಳುತ್ತೆ’ ಎಂದು ರಾತ್ರಿಯೆಲ್ಲ ನಿದ್ದೆ ಬಿಡುವ ಹಿರಿಯರಿಗೆ ಈ ಮಾತನ್ನು ಕೂತು ತಿಳಿಸಿಹೇಳಿ.

ಹೆಬ್ಬೆಟ್ಟಿನ ವಿಷಯ. ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟು ಆಮೇಲೆ ಅನ್ನಕ್ಕೆ ಪರದಾಡುವ ಹಿರಿಯರಿದ್ದಾರೆ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯಲ್ಲಿ ಇದಕ್ಕೆ ದಾರಿಯಿದೆ. ನಮ್ಮಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಪಡೆದ ಆಸ್ತಿಯ ಪತ್ರವನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಬಹುದು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದಿತು. ನಮಗೆ ಪಾಠ ಇಷ್ಟೇ: ಕೊಡುವುದಾದರೆ ‘ನನ್ನ ಜೀವ ಇರುವವರೆಗೆ ಊಟ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು’ ಎಂಬ ಸಾಲನ್ನು ಪತ್ರದಲ್ಲೇ ಬರೆಸಿ. ಮಗ ಒಳ್ಳೆಯವನಾದರೆ ಆ ಸಾಲಿನಿಂದ ಅವನಿಗೆ ನಷ್ಟವಿಲ್ಲ. ತುರ್ತು ಬಂದರೆ ಹಿರಿಯರ ಸಹಾಯವಾಣಿ 14567 ಇದೆ. ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಗೋಡೆಯ ಮೇಲೆ ಬರೆಸಿ.

ಒಂದು ಎಚ್ಚರಿಕೆ. ಒಳಮನೆಯ ಜಗಳವನ್ನು ಗ್ರಾಮಸಭೆಯಲ್ಲಿ ಹೆಸರು ಹಿಡಿದು ಓದಬೇಡಿ. ಹಾಗೆ ಮಾಡಿದರೆ ಆ ತಾಯಿಗೆ ಅಂದು ರಾತ್ರಿಯ ಊಟವೂ ತಪ್ಪೀತು. ಸಭೆಯಲ್ಲಿ ಲೆಕ್ಕ ಮಾತ್ರ ಓದಿ: ಇಷ್ಟು ಜನಕ್ಕೆ ಪಿಂಚಣಿ ನಿಂತಿದೆ, ಇಷ್ಟು ಜನಕ್ಕೆ ಕಣ್ಣಿನ ಪೊರೆ ಬಂದಿದೆ, ಇಷ್ಟು ಮನೆಯಲ್ಲಿ ಶೌಚಾಲಯಕ್ಕೆ ಹಿಡಿದುಕೊಳ್ಳುವ ಕಂಬಿ ಇಲ್ಲ, ಇಷ್ಟು ಜನ ಒಂಟಿಯಾಗಿದ್ದಾರೆ. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ಒಂದು ವಾರ್ಡ್ ಸಭೆಯನ್ನಾದರೂ ಕೇರಿಯಲ್ಲೇ ನಡೆಸಿ ಎಂದು ಒತ್ತಾಯ ಮಾಡಿ. ಹೆಸರಿನ ಅರ್ಜಿಗಳನ್ನು ಬೇರೆಯಾಗಿ, ಅವರ ಒಪ್ಪಿಗೆ ಪಡೆದು ಕಚೇರಿಗೆ ಕೊಡಿ. ಆರು ತಿಂಗಳಾದ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಿ, ಏನಾಯಿತು ಎಂದು ಹೇಳಿ. ಆಗಲಿಲ್ಲವಾದರೆ ಆಗಲಿಲ್ಲ ಎಂದೇ ಹೇಳಿ. ಕೇಳಿಕೊಂಡು ಹೋಗಿ ಮುಖ ತೋರಿಸದವರನ್ನು ಅವರು ಬೇಕಾದಷ್ಟು ನೋಡಿದ್ದಾರೆ.

ಕೊನೆಗೆ ಬೆಲೆಯ ಮಾತು. 2007ರಲ್ಲಿ ಕೇಂದ್ರದ ವೃದ್ಧಾಪ್ಯ ಪಿಂಚಣಿಗೆ ಹೊಸ ಹೆಸರು ಬಂದಾಗ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2025ರಲ್ಲೂ ಅರವತ್ತರಿಂದ ಎಪ್ಪತ್ತೊಂಬತ್ತು ವಯಸ್ಸಿನವರಿಗೆ ಅದೇ 200. ದಿನಕ್ಕೆ ಏಳು ರೂಪಾಯಿಯೂ ಆಗಲಿಲ್ಲ. ಸಂಧ್ಯಾ ಸುರಕ್ಷಾ ಹಣವನ್ನು ರಾಜ್ಯ ಸರ್ಕಾರ 2021ರಲ್ಲಿ 1200ಕ್ಕೆ ಏರಿಸಿತು. ದಿನಕ್ಕೆ ನಲವತ್ತು ರೂಪಾಯಿ. ಸರ್ಕಾರಿ ನೌಕರರಿಗೆ ಬೆಲೆ ಏರಿದ ಹಾಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಲೆಕ್ಕ ಹಾಕುತ್ತಾರೆ. ಬೇಡ ಅನ್ನುವುದಿಲ್ಲ. ಬೇಳೆ, ಎಣ್ಣೆಯ ಬೆಲೆ ನೌಕರನಿಗೆ ಮಾತ್ರ ಏರುತ್ತದೆಯೆ? ಐವತ್ತು ವರ್ಷ ಅನ್ನ ಬೆಳೆದವನಿಗೆ ಏರುವುದಿಲ್ಲವೆ? ಬೆಳೆಗೆ ಖರ್ಚಿಗೆ ತಕ್ಕ ಬೆಲೆ ಕೇಳುವ ನಾವು, ಬೆಳೆದವನ ಮುಪ್ಪಿಗೂ ಬೆಲೆಗೆ ತಕ್ಕ ಪಿಂಚಣಿ ಕೇಳಬೇಕು. ಎರಡೂ ಒಂದೇ ಬೇಡಿಕೆ.

ಆದರೆ ಬೆಂಗಳೂರಿಗೆ, ದಿಲ್ಲಿಗೆ ಹೋಗಿ ಕೇಳುವ ಮುಂಚೆ ನಮ್ಮ ಕೈಯಲ್ಲಿ ಊರಿನ ಲೆಕ್ಕ ಇರಬೇಕು. ಎಷ್ಟು ಜನ, ಯಾವ ಕಷ್ಟ, ಎಷ್ಟು ತಿಂಗಳಿಂದ ಎಂದು ಹೇಳಲಾಗದವನ ಬೇಡಿಕೆಗೆ ಯಾವ ಅಧಿಕಾರಿಯೂ ತಲೆ ಎತ್ತಿ ನೋಡುವುದಿಲ್ಲ. ನಿಮ್ಮ ಊರಿನ ಮುಂದಿನ ವಾರ್ಡ್ ಸಭೆ ಯಾವ ದಿನ ಎಂದು ನಾಳೆಯೇ ಪಂಚಾಯ್ತಿಯಲ್ಲಿ ಕೇಳಿಕೊಳ್ಳಿ. ಅಲ್ಲಿಂದ ಹದಿನೈದು ದಿನ ಹಿಂದಕ್ಕೆ ಎಣಿಸಿ, ಹತ್ತು ಜನರ ಹೆಸರು ಬರೆಯಿರಿ. ಕೆಲಸ ಪಕ್ಕದ ಮನೆಯ ಜಗಲಿಯಿಂದಲೇ ಶುರುವಾಗಲಿ.